ಅಮೃತಶಿಲೆಯ ಸವತಿ

ನಾನು ಚಳ್ಳಕೆರೆಯ ಆ ದೊಡ್ಡ ಮನೆಗೆ ಕಾಲಿಡುವ ಮೊದಲೇ ನನ್ನ ಸವತಿ ತೀರಿಕೊಂಡಿದ್ದಳು. ಎರಡನೇ ಸಂಬಂಧಕ್ಕೆ ಬಂದವಳು ಹೊಸ ಸೀರೆಯನ್ನು ಮೊದಲು ಸತ್ತ ಸವತಿಯ ಮುಂದಿಟ್ಟು, ಆಮೇಲೆ ತಾನು ಉಡಬೇಕು ಎಂಬುದು ಪದ್ಧತಿ. ಒಂದು ತಂಬಿಗೆಗೆ ಕುಂಕುಮ ಹಚ್ಚಿ, ಇದೇ ಅವಳು ಎಂದು ಕೂರಿಸುತ್ತಿದ್ದೆ. ತಂಬಿಗೆಯ ಮೇಲೆ ಯಾರು ಹೊಟ್ಟೆಕಿಚ್ಚು ಪಡುತ್ತಾರೆ?

ಚಿತ್ರದುರ್ಗದಲ್ಲಿದ್ದ ಬಿಳಿಯ ದೊರೆಯೊಬ್ಬ ಊರು ಬಿಡುವಾಗ ಬಂಗಲೆಯ ಸಾಮಾನು ಹರಾಜಾಯಿತು. ಯಜಮಾನರು ಗಾಡಿಗೆ ಹುಲ್ಲು ಹಾಸಿ, ಅಮೃತಶಿಲೆಯ ಹೆಂಗಸಿನ ಬೊಂಬೆಯೊಂದನ್ನು ತಂದು ಪಡಸಾಲೆಯಲ್ಲಿ ಪೀಠದ ಮೇಲೆ ನಿಲ್ಲಿಸಿದರು. ಶ್ರೀಮಂತರ ಮನೆಗಳಲ್ಲಿ ಹೀಗೇ ಇಡುತ್ತಾರಂತೆ. ತಲೆ, ಕೊರಳು, ಹೆಗಲು, ಅಷ್ಟೇ. ಎದೆಯ ಕೆಳಗೆ ಏನೂ ಇಲ್ಲ. ಸುರುಳಿ ಕೂದಲು, ನೆಟ್ಟನೆಯ ಮೂಗು, ಕರಿಗುಡ್ಡೆಯಿಲ್ಲದ ಕಣ್ಣು.

ಅರ್ಧ ಮೈಯ ಬೊಂಬೆ ಮನೆಗೆ ಆಗದು ಎಂದು ಅತ್ತೆ ಹಟ ಹಿಡಿದರು. ಕೊನೆಗೆ ತಾವೇ ದಾರಿ ಕಂಡುಕೊಂಡರು.

“ನಮ್ಮ ಹಿರೀಸೊಸೆ ಅಂದ್ಕೊಂಡ್ರಾತು. ಮನೆ ಮುತ್ತೈದೆಗೆ ಯಾವ ದೋಷ ಐತೆ?”

ಯಜಮಾನರು ಬೇಡ ಅನ್ನಲಿಲ್ಲ. ಹಾಗಾದರೆ ಅವಳು ಹೀಗೇ ಇದ್ದಿರಬೇಕು ಎಂದು ನಾನು ನಂಬಿದೆ. ತಂಬಿಗೆ ಅಡುಗೆಮನೆಗೆ ಹೋಯಿತು.

ಆ ವರ್ಷದ ಗೌರಿ ಹಬ್ಬಕ್ಕೆ ಮೊಳಕಾಲ್ಮೂರಿನಲ್ಲಿ ನನಗೆಂದೇ ನೇಯಿಸಿದ ಕೆಂಪು ರೇಷ್ಮೆ ಸೀರೆಯನ್ನು ಅತ್ತೆ ಅವಳ ಹೆಗಲಿಗೆ ಹೊದಿಸಿದರು. ಆ ಬಿಳಿ ಕೊರಳಿಗೆ ಕೆಂಪು ಎಷ್ಟು ಒಪ್ಪಿತೆಂದರೆ ನನ್ನ ಮೈಯೆಲ್ಲ ಉರಿಯಿತು. ನಾನು ಕಪ್ಪು, ಮೂಗು ಮೊಂಡು. ಇಂಥ ರೂಪವತಿಯ ಜೊತೆ ಬಾಳಿದ ಗಂಡಸಿನ ಕಣ್ಣಿಗೆ ನಾನು ಹೇಗೆ ಹಿಡಿಸಬೇಕು? ಹೊಸ ಸೀರೆ ಮೊದಲು ನನ್ನ ಮೈಗೆ ತಾಗಬೇಕು, ಅವರು ಮೊದಲು ನನ್ನನ್ನು ನೋಡಬೇಕು. ನಾನು ಬೇಡುತ್ತಿದ್ದದ್ದು ಇಷ್ಟೇ. ಧೂಳು ಒರೆಸುವ ನೆಪದಲ್ಲಿ ಅವಳ ಕೆನ್ನೆ ಚಿವುಟಿದ್ದೂ ಉಂಟು. ನೋವಾದದ್ದು ನನ್ನ ಉಗುರಿಗೆ.

ಒಮ್ಮೆ ಸವತಿಯ ತಾಯಿ ಮೊಳಕಾಲ್ಮೂರಿನಿಂದ ಬಂದರು. ಅತ್ತೆ ಸಡಗರದಿಂದ ಪಡಸಾಲೆಗೆ ಕರೆದೊಯ್ದು, “ನೋಡ್ರಿ, ನಿಮ್ಮ ಮಗಳು” ಎಂದರು. ಮುದುಕಿ ಬೊಂಬೆಯ ಮೂಗನ್ನು ಸವರಿ ನಕ್ಕೇಬಿಟ್ಟರು.

“ಯಾವ ದೊರೆಸಾನಿನೋ ಏನೋ. ನನ್ನ ಮಗಳಿಗೆ ಇಂಥ ಮೂಗು ಎಲ್ಲಿತ್ರಿ?”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಓಡಿಹೋಗಿ ಮಜ್ಜಿಗೆ ತಂದೆ. ಮುದುಕಿ ಅದನ್ನು ಮುಟ್ಟದೆ ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಕಣ್ಣು ತುಂಬಿಕೊಂಡು ನನ್ನ ಗಲ್ಲ ಹಿಡಿದರು.

“ಥೇಟ್ ನಿನ್ನಂಗೇ ಇದ್ಲವ್ವ. ಇದೇ ಬಣ್ಣ, ಇದೇ ಮೂಗು. ಅಳಿಯಂದ್ರು ಹುಡುಕಿ ಹುಡುಕಿ ತಂದವ್ರೆ.”

ಬೊಂಬೆಯ ಮೇಲಿನ ಸಿಟ್ಟು ಅಂದಿಗೇ ಇಳಿಯಿತು. ಆದರೆ ಯಜಮಾನರು ಅಕ್ಕರೆಯಿಂದ ನನ್ನ ಮುಖ ನೋಡಿದಾಗಲೆಲ್ಲ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಅವಳನ್ನು.