ಕೊಳ್ಳಬೇಡಿ ಎನ್ನಲು ಕಲಿಸಿದ ಟೀಚರಮ್ಮ

ಸ್ಪ್ಯಾನಿಷ್ ಭಾಷೆ ನನಗೆ ವಾರಕ್ಕೊಂದು ಡಬ್ಬಿ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಗೆ ಬಿತ್ತು. ಖಾರಘರದ ಕ್ಲಾಸುಗಳಲ್ಲೆಲ್ಲ ಫೀಸು ವಿಚಾರಿಸಿ ಬಂದವನು ನಾನು. ಇದಕ್ಕಿಂತ ಸೋವಿಯಾಗಿ ಯಾರೂ ಕಲಿತಿರಲಾರರು. ಇವತ್ತು ಅಡುಗೆಮನೆಯಿಂದ ಶೇಂಗಾ ಹುರಿಯುವ ವಾಸನೆ ಬಂದಾಗ ಮೇಲಿನ ಮನೆಯ ಟೀಚರಮ್ಮ ನೆನಪಾದರು...

ಉಡುಪಿ ಕಡೆಯವರು. ಐರೋಲಿಯ ಐಟಿ ಹುಡುಗರಿಗೆ ಸ್ಪ್ಯಾನಿಷ್ ಕಲಿಸುತ್ತಿದ್ದರು. ನಾನೋ ವಿಜಯಪುರದಿಂದ ಬಂದು, ಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಗಂಟು ಬಿಚ್ಚಿ ಕಟ್ಟಿ, ಡೊಂಬಿವಲಿಯಲ್ಲಿ ಸ್ವಂತಕ್ಕೆ ಕಸೂತಿ ಚೀಲ ಹೊಲಿಸಲು ಶುರು ಮಾಡಿದ್ದವನು. ಆ ವರ್ಷ ವಾಶಿಯ ಪ್ರದರ್ಶನಕ್ಕೆ ಸ್ಪೇನಿನ ಖರೀದಿದಾರಳೊಬ್ಬಳು ಬರುವವಳಿದ್ದಳು. ಅವಳ ಆರ್ಡರ್ ಸಿಗದಿದ್ದರೆ ಹೊಲಿಯುವ ಹೆಂಗಸರನ್ನೆಲ್ಲ ಮನೆಗೆ ಕಳಿಸಬೇಕಿತ್ತು.

"ಟೀಚರ್, ಫುಲ್ ಭಾಷಾ ಬ್ಯಾಡ್ರಿ. ಧಂದೆಕ್ಕ ಬೇಕಾದಷ್ಟು ಕೊಡ್ರಿ, ರೇಟ್ ಕಮ್ಮಿ ಮಾಡ್ರಿ" ಎಂದೆ.

"ಭಾಷೆ ಅಂದ್ರೆ ಬದನೆಕಾಯಾ ಮಾರಾಯ್ರೆ, ಕಾಲು ಕಿಲೋ ತೂಗಿ ಕೊಡ್ಲಿಕ್ಕೆ? ಆಯ್ತು, ರೊಟ್ಟಿ ತನ್ನಿ. ಗಿರಾಕಿ ಬಂದ್ರೆ ನೀವು ಮೊದ್ಲು ಎಂತ ಹೇಳ್ತೀರಿ?"

"ತಗೋಬ್ಯಾಡ್ರಿ, ಬರೇ ನೋಡ್ರಿ ಅಂತೀವಿ."

ನಮ್ಮ ಕಡೆ ಬಟ್ಟೆ ಮಾರುವವರ ರೂಢಿಯೇ ಅದು. ಬೇಡ ಎಂದರೆ ಗಿರಾಕಿ ನಿರಾಳವಾಗಿ ಕೂರುತ್ತಾನೆ. ಟೀಚರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದ್ರೆ ನಿಮ್ಗೆ ಸದ್ಯ ಬೇಡಗಳೇ ಸಾಕು!"

ಪಾಠ ಸುಲಭವಿತ್ತು. ಮುಂದೊಂದು 'ನೋ' ಹಚ್ಚಬೇಕು. 'ಆರ್' ಎಂದು ಮುಗಿಯುವ ಕ್ರಿಯಾಪದ ಆ ಬಾಲ ಬಿಟ್ಟು 'ಎ' ಹಿಡಿಯುತ್ತದೆ. 'ಎರ್', 'ಇರ್' ಬಾಲದವು 'ಆ' ಹಿಡಿಯುತ್ತವೆ. ಅಕ್ಕಪಕ್ಕದ ಮನೆಯವರು ಪಾತ್ರೆ ಅದಲುಬದಲು ಮಾಡಿಕೊಂಡಂತೆ. ಕೋಂಪ್ರಾರ್ ಎಂದರೆ ಕೊಳ್ಳುವುದು, 'ನೋ ಕೋಂಪ್ರೆ' ಎಂದರೆ ಕೊಳ್ಳಬೇಡಿ. ದೆಸಿದಿರ್ ಎಂದರೆ ನಿರ್ಧರಿಸುವುದು, 'ನೋ ದೆಸಿದಾ' ಎಂದರೆ ನಿರ್ಧರಿಸಬೇಡಿ. "ಗೆಳೆಯನಿಗಾದ್ರೆ ಕೊನೆಗೊಂದು 'ಸ್' ಹಾಕಿ. ಗಿರಾಕಿಗೆ ಹಾಕಿದ್ರೆ ಏಕವಚನ ಆಗ್ತದೆ, ಜಾಗ್ರತೆ!" ಎನ್ನುತ್ತ ರೊಟ್ಟಿ ಮುರಿಯುತ್ತಿದ್ದರು. "ಇದನ್ನು ತಿನ್ಲಿಕ್ಕೆ ಹಲ್ಲಿಗೆ ಇನ್ಶೂರೆನ್ಸ್ ಮಾಡ್ಸಬೇಕು ನಿಮ್ಮದು..."

ಪ್ರದರ್ಶನದ ದಿನ ಎಲ್ಲ ಅಂಗಡಿಯವರೂ ಆಕೆಯನ್ನು ಮುತ್ತಿಕೊಂಡು "ಮೇಡಂ, ಬೆಸ್ಟ್ ಪ್ರೈಸ್" ಎನ್ನುತ್ತಿದ್ದರು. ನಾನು ಕುರ್ಚಿ ಸರಿಸಿ ಹೇಳಿದೆ: "ನೋ ಕೋಂಪ್ರೆ, ಸೆನ್ಯೋರಾ." ಕೊಳ್ಳಬೇಡಿ, ಮೇಡಂ.

ಆಕೆ ಗಕ್ಕನೆ ನಿಂತಳು. ನಕ್ಕಳು. ಕೂತಳು! ಒಂದೊಂದೇ ಚೀಲ ಬಿಚ್ಚಿ ತೋರಿಸಿದೆ. ಸಂಜೆಯ ಹೊತ್ತಿಗೆ ಆರ್ಡರ್ ಕಾಗದಕ್ಕೆ ಪೆನ್ನು ಇಟ್ಟಾಗ ನನ್ನ ಬಾಯಿ ರೂಢಿಯ ಮೇಲೆ ಓಡಿತು: "ನೋ ಫಿರ್ಮೆ!" ಸಹಿ ಮಾಡಬೇಡಿ! ನಾಲಿಗೆ ಕಚ್ಚಿಕೊಂಡೆ. ಆಕೆ ಮಾತ್ರ ಹೊಟ್ಟೆ ಹಿಡಿದು ನಗುತ್ತಲೇ ಸಹಿ ಹಾಕಿದಳು.

ರಾತ್ರಿ ಮೇಲಿನ ಮನೆಗೆ ಹೋಗಿ ನಡೆದದ್ದು ಹೇಳಿದೆ. "ಪೆನ್ನು ಹಿಡಿದವಳಿಗೂ ಬೇಡ ಅಂದ್ರಾ! ಇನ್ನು ನಿಮ್ಗೆ 'ಮಾಡಿ' ಅನ್ಲಿಕ್ಕೂ ಕಲಿಸ್ಬೇಕು. ನಾಳೆಯಿಂದ್ಲೇ ಬನ್ನಿ" ಎಂದರು ಟೀಚರಮ್ಮ.

"ಸೀಸನ್ ಐತ್ರಿ. ದೀಪಾವಳಿ ಆಗ್ಲಿ" ಎಂದೆ.

ದೀಪಾವಳಿಗೆ ಮೊದಲೇ ಅವರು ತೀರಿಕೊಂಡುಬಿಟ್ಟರು... ಈಗ ಮೇಲಿನ ಮನೆಯಲ್ಲಿ ಬೇರೆ ಸಂಸಾರ. ಹೆಂಗಸರು ಹೊಲಿಯುತ್ತಲೇ ಇದ್ದಾರೆ, ಸೆನ್ಯೋರಾ ಪ್ರತಿ ವರ್ಷ ಬರುತ್ತಾಳೆ. ಆಕೆಗೆ "ಮತ್ತೆ ಬನ್ನಿ" ಎನ್ನಲು ಮಾತ್ರ ನನಗೆ ಇನ್ನೂ ಬರುವುದಿಲ್ಲ.

ವ್ಯಾಪಾರದಲ್ಲಿರುವವರು ನನ್ನ ಮಾತು ಕೇಳಿ. ಬೇರೆ ದೇಶದ ಗಿರಾಕಿ ಬರುವವನಿದ್ದರೆ, ಒತ್ತಾಯವಿಲ್ಲ ಎನ್ನುವ ಮಾತನ್ನು ಅವನ ಭಾಷೆಯಲ್ಲಿ ಮೊದಲು ಕಲಿಯಿರಿ. ಕಲಿಸುವವರು ನಿಮ್ಮ ಬಿಲ್ಡಿಂಗಿನಲ್ಲೇ ಇದ್ದರೆ, ಹಬ್ಬ ಸೀಸನ್ ಎಂದು ದಿನ ತಳ್ಳಬೇಡಿ. ಇವತ್ತೇ ಹತ್ತಿ ಹೋಗಿ ಬೆಲ್ ಒತ್ತಿ.