ಡುಪ್ಲಿಕೇಟ್ ಎಂದು ಬರೆದವನು ನಾನು

ವಿಲೆಮ್ ಅವರೇ, ನೀವು ಮೋಸಗಾರರಲ್ಲ. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಹಾಗೆಂದರೆ ಅದೂ ಅರ್ಧ ಸತ್ಯವೇ. ಬರೀ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ನಿಮ್ಮನ್ನು ಮೋಸಗಾರ ಎಂದು ಕರೆದ ಆ ಪತ್ರವನ್ನು ಬರೆದವನೇ ನಾನು.

ಅದರ ಕೆಳಗೆ ಮಲ್ಲಿನಾಥನ ಹೆಸರಿತ್ತು. ಅವನೇ ಹಾಗೆ ಬರೆದನೆಂದು ನೀವು ಇಂದಿಗೂ ತಿಳಿದುಕೊಂಡಿರಬಹುದು. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಅವನ ಹೆಸರಿನಲ್ಲಿ ನಿಮಗೆ ಬಂದ ಒಂದೊಂದು ಪತ್ರವೂ ನನ್ನದು, ಮೊದಲ ನಮಸ್ಕಾರದಿಂದ ಕೊನೆಯ ಚುಕ್ಕೆಯವರೆಗೆ. ನಾನೆಂಬುವನೊಬ್ಬ ಇದ್ದೇನೆಂಬುದೇ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ ಒಬ್ಬ ಮನುಷ್ಯ ನಿಮಗೆ ಕೇಡು ಮಾಡಿದ್ದಾನೆ, ಅದನ್ನು ಈಗ ಹೇಳಲು ಕೂತಿದ್ದಾನೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರುವುದಿಲ್ಲವೆಂದು ಗೊತ್ತು. ಆದರೆ ಇಂಗ್ಲಿಷಿನಲ್ಲಿ ಕೂತರೆ ನನಗೆ ಸುಳ್ಳು ಬಹಳ ಸೊಗಸಾಗಿ ಬರುತ್ತದೆ. ಬೇರೆ ಯಾರಾದರೂ ಇದನ್ನು ನಿಮಗೆ ತಿಳಿಯುವ ಹಾಗೆ ಮಾಡಲಿ. ನಾನಂತೂ ಆ ಕೆಲಸಕ್ಕೆ ಇನ್ನು ಕೈ ಹಾಕುವುದಿಲ್ಲ.

ನಾನು ನಿವೃತ್ತ ಇಂಗ್ಲಿಷ್ ಮಾಸ್ತರ. ಜೇವರ್ಗಿಯಲ್ಲಿ ಕೆಲವು ವರ್ಷ, ಆಳಂದದಲ್ಲಿ ಕೆಲವು ವರ್ಷ, ಉಳಿದದ್ದೆಲ್ಲ ಈ ಅಫಜಲಪುರದಲ್ಲಿ. ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷ್ ಎಂದರೆ ಜ್ವರ. ಆ ಜ್ವರಕ್ಕೆ ನಾನೊಬ್ಬನೇ ಡಾಕ್ಟರ್ ಎಂಬ ಗತ್ತಿನಲ್ಲಿ ಮೂವತ್ತು ವರ್ಷ ಓಡಾಡಿದೆ. ಬ್ಯಾಂಕಿನ ಅರ್ಜಿ, ಕೋರ್ಟಿನ ನೋಟಿಸು, ಇನ್ಶೂರೆನ್ಸಿನ ಕಾಗದ ಹಿಡಿದುಕೊಂಡು ಚೌಡಾಪುರದಿಂದ, ಅತನೂರಿನಿಂದ ಜನ ಬಸ್ ಹತ್ತಿ ನನ್ನ ಹತ್ತಿರ ಬರುತ್ತಿದ್ದರು. ಬಾಯಿಯ ಮೇಲೆ ದಪ್ಪ ಮೀಸೆ ಬೇರೆ. "ನನ್ನ ಇಂಗ್ಲಿಷಿನಾಗ ಒಂದ ತಪ್ಪು ತೋರಸ್ರಿ, ಮೀಸಿ ಬೋಳಸ್ತೇನಿ" ಎಂದು ಅದನ್ನು ತೀಡುತ್ತ ಹೇಳುವುದು ನನ್ನ ಚಟ. ಯಾರೂ ತೋರಿಸಲಿಲ್ಲ. ತೋರಿಸುವಷ್ಟು ಇಂಗ್ಲಿಷ್ ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅಷ್ಟೆ.

ಮಲ್ಲಿನಾಥ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ಇಯತ್ತೆಯಲ್ಲಿ ಇಂಗ್ಲಿಷಿನಲ್ಲೇ ಎರಡು ಸಲ ಫೇಲಾಗಿ ಓದು ಬಿಟ್ಟವನು. ಬಸ್ ಸ್ಟ್ಯಾಂಡಿನ ಹತ್ತಿರ ಅವನ ರಿಪೇರಿ ಅಂಗಡಿ — ಟಿವಿ, ಮಿಕ್ಸರ್, ಫ್ಯಾನು. ಹಳೆಯ ಡಿಸ್ಕ್ ಪ್ಲೇಯರುಗಳೆಂದರೆ ಅವನಿಗೆ ಪ್ರಾಣ. ನಿಮ್ಮ ಪ್ಲೇಯರು ನುಂಗಿದ ಡಿಸ್ಕನ್ನು ಹೊರಗೆ ಹಾಕುತ್ತಿರಲಿಲ್ಲ, ನೀವು ದೂರದ ನಿಮ್ಮ ದೇಶದಿಂದ ಇಂಟರ್ನೆಟ್ಟಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದಿರಿ. ಇವನು ಒಂದು ರಬ್ಬರ್ ಬೆಲ್ಟಿನ ಫೋಟೋ ಕಳಿಸಿದ, ನಿಮ್ಮದು ಸರಿಹೋಯಿತು. ಅಲ್ಲಿಂದ ನಿಮ್ಮಿಬ್ಬರ ಸ್ನೇಹ ಶುರುವಾಯಿತು, ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲೇ ತರ್ಜುಮೆ ಆಗುತ್ತದಂತೆ ಎಂದು ಅವನು ಒಮ್ಮೆ ಮೆಲ್ಲಗೆ ಹೇಳಿ ನೋಡಿದ. "ಫೋನಿಗಿ ಗ್ರಾಮರ್ ಬರ್ತದೇನಲೇ?" ಎಂದು ಅವನ ಬಾಯಿ ಮುಚ್ಚಿಸಿದೆ.

ಅವನ ಅಕ್ಕ ಕಮಲಾಬಾಯಿಯನ್ನು ನೀವು ವಿಡಿಯೋ ಕಾಲಿನಲ್ಲಿ ನೋಡಿದ್ದೀರಿ, ಆಕೆಗಾಗಿ ಅಲ್ಲಿ ಎಲ್ಲರದೂ ಬರೀ ಕೈಸನ್ನೆ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವಳು. ಮಾತಾಡುತ್ತಾಳೆ, ಎದುರಿನವರ ತುಟಿ ನೋಡಿಯೇ ಅವರ ಮಾತು ಹಿಡಿಯುತ್ತಾಳೆ. ಓಣಿಗೆಲ್ಲ ಕೌದಿ ಹೊಲಿದು ಕೊಡುತ್ತಾಳೆ, ಮನೆಯವರೆಲ್ಲ ಆಕೆಗೆ ಹೆದರುತ್ತಾರೆ. "ಮಾಸ್ತರ್ರ, ಆ ಮೀಸಿ ತಗೀರಿ. ನಿಮ್ಮ ಮಾತು ಕಾಣಂಗಿಲ್ಲ" ಎಂದು ಸಿಕ್ಕಾಗಲೆಲ್ಲ ನನ್ನನ್ನು ಗದರುತ್ತಿದ್ದಳು. ನಾನು ನಕ್ಕು ಬಿಡುತ್ತಿದ್ದೆ. ಆಕೆಗಾಗಿಯೇ ನೀವು, ಮಾತೇ ಇಲ್ಲದ ಹಳೆಯ ಚಿತ್ರಗಳಿವೆ, ಅವುಗಳ ಡಿಸ್ಕುಗಳನ್ನೇ ಜೀವಮಾನವಿಡೀ ಕೂಡಿಟ್ಟಿದ್ದೇನೆ, ಕಳಿಸಲೇ ಎಂದು ಕೇಳಿದಿರಿ.

ಮೊದಲ ಎರಡು ಪಾರ್ಸಲ್ ತಕರಾರಿಲ್ಲದೆ ಬಂದವು. ಒಳಗೆ ಕಮಲಾಬಾಯಿಗೆಂದು ನೀವು ಬರೆದ ಚಿಕ್ಕ ಚಿತ್ರ ಇರುತ್ತಿತ್ತು — ಒಂದು ಟೋಪಿ, ಒಂದು ಛತ್ರಿ. ಭಾನುವಾರ ಮಧ್ಯಾಹ್ನ ಓಣಿಯ ಹೆಂಗಸರು ಸಿನಿಮಾ ನೋಡಲು ಬಂದು ಕೂಡುತ್ತಿದ್ದರು. ನಡುನಡುವೆ ಪರದೆಯ ಮೇಲೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಎದ್ದು ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಹೇಳಿ ಮುಗಿಸುವುದರೊಳಗೆ ಕಮಲಾಬಾಯಿ ನಕ್ಕಾಗಿರುತ್ತಿತ್ತು. ಕಿವಿ ಇದ್ದವರೆಲ್ಲ ಆಕೆಯನ್ನೇ ಕೇಳುತ್ತಿದ್ದರು, ಅವನು ಯಾಕೆ ಓಡಿದ, ಇವಳು ಯಾಕೆ ಅತ್ತಳು ಎಂದು. ಆಕೆ ಕೌದಿಯ ಸೂಜಿ ನಿಲ್ಲಿಸಿ ತಿಳಿಸಿ ಹೇಳುತ್ತಿದ್ದಳು. ಜೀವನದಲ್ಲಿ ಮೊದಲ ಸಲ ಆಕೆ ಉಳಿದವರಿಗಿಂತ ಮುಂದಿದ್ದಳು. ಅಲ್ಲಿ ನನ್ನ ಇಂಗ್ಲಿಷ್ ಯಾರಿಗೂ ಬೇಕಿರಲಿಲ್ಲ — ಅದು ನನಗೆ ಸ್ವಲ್ಪ ಚುಚ್ಚುತ್ತಿತ್ತು, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮೂರನೆಯ ಪಾರ್ಸಲ್ಲಿಗೆ ಮಲ್ಲಿನಾಥ ಒಂದು ಮಾತು ಸೇರಿಸಿದ. "ಅಕ್ಕ ಒಂದ ಸಿನೆಮಾ ನೂರ ಸಲ ನೋಡ್ತಾಳ್ರಿ ಸರ್, ಡಿಸ್ಕಿಗಿ ಗೀರು ಬೀಳಾಕತ್ತಾವ. ಎರಡೆರಡು ಕಳಸ್ರಿ ಅಂತ ಬರೀರಿ. ಒಂದು ಒರಿಜಿನಲ್ ನೋಡಾಕ, ಇನ್ನೊಂದು ಡುಪ್ಲಿಕೇಟ್ ಪೆಟಗ್ಯಾಗ ಇಡಾಕ." ನಾನು ಎರಡೆರಡು ಎಂದಷ್ಟೇ ಬರೆದೆ, ನೀವು ಹಾಗೆಯೇ ಕಳಿಸಿದಿರಿ. ಎಲ್ಲವೂ ಅಸಲಿ.

ನಮ್ಮೂರಲ್ಲಿ ಡುಪ್ಲಿಕೇಟ್ ಎಂದರೆ ಎರಡು ಅರ್ಥ. ಬೀಗಕ್ಕೆ ಡುಪ್ಲಿಕೇಟ್ ಕೀಲಿ ಇರುತ್ತದೆ — ಅಂದರೆ ಒಂದು ಕಳೆದರೆ ಇನ್ನೊಂದು. ಸಂತೆಯಲ್ಲಿ ಡುಪ್ಲಿಕೇಟ್ ಮಾಲು ಇರುತ್ತದೆ — ಅಂದರೆ ಖೋಟಾ. ಮಲ್ಲಿನಾಥ ಹೇಳಿದ್ದು ಕೀಲಿಯ ಡುಪ್ಲಿಕೇಟ್.

ಆ ಪಾರ್ಸಲ್ಲನ್ನು ಕಸ್ಟಮ್ಸಿನವರು ತಡೆದರು. ಒಂದೇ ಚಿತ್ರದ ಎರಡೆರಡು ಡಬ್ಬಿಗಳು, ಕೆಲವಕ್ಕೆ ಸೀಲಿದೆ, ಕೆಲವಕ್ಕಿಲ್ಲ. ಇವು ನಕಲಿ ಇರಬಹುದೆಂಬ ಸಂಶಯವಿದೆ, ವಿವರಣೆ ಕೊಡಿ ಎಂದು ಮಲ್ಲಿನಾಥನಿಗೆ ನೋಟಿಸು ಬಂತು. ಅವನು ಅಂಗಡಿ ಅರ್ಧಕ್ಕೆ ಬಿಟ್ಟು ನನ್ನ ಹತ್ತಿರ ಓಡಿ ಬಂದ. ನಾನು ಅಂಗಿಯ ತೋಳು ಮಡಚಿ ಕೂತೆ. ಎರಡು ಪುಟ ಬರೆದೆ, ನನಗೇ ಮೆಚ್ಚಿಗೆಯಾಗುವಂಥ ಇಂಗ್ಲಿಷ್. ಅದರ ನಡುವೆ ಒಂದು ಸಾಲು — ಪ್ರತಿ ಚಿತ್ರದ ಒಂದು ಡಿಸ್ಕ್ ಒರಿಜಿನಲ್, ಇನ್ನೊಂದು ಡುಪ್ಲಿಕೇಟ್. ಮಲ್ಲಿನಾಥ ಓದದೆ ಸಹಿ ಮಾಡಿದ. ನಾನು ಬರೆದದ್ದನ್ನು ಅವನು ಯಾವತ್ತೂ ಓದಿಸಿಕೊಂಡವನಲ್ಲ.

ಆಮೇಲೆ ಜಪ್ತಿಯ ಆದೇಶ ಬಂತು. ಕಾರಣ ಹೇಳುವಲ್ಲಿ ನನ್ನ ಆ ಸಾಲನ್ನೇ ಎತ್ತಿ ಬರೆದಿದ್ದರು. ಅರ್ಧ ಮಾಲು ಖೋಟಾ ಎಂದು ತರಿಸಿಕೊಂಡವರೇ ಒಪ್ಪಿದ್ದಾರೆ ಎಂದು. ಅವರದೇನೂ ತಪ್ಪಿಲ್ಲ. ಯಾರು ಓದಿದರೂ ಹಾಗೆಯೇ ಓದಬೇಕು. ನಾನು ಎರಡನೆಯ ಸಲ ಓದುವಾಗಲೇ ನನಗೆ ತಿಳಿಯಿತು. ಅಪೀಲಿಗೆ ಅವಕಾಶವಿದೆ ಎಂದೂ ಅದರಲ್ಲೇ ಇತ್ತು. ಆ ಮಾತಿನ ಅರ್ಥ ಅದಲ್ಲ, ಬರೆದವನ ತಪ್ಪು — ಇಷ್ಟು ಬರೆದು, ನಿಮ್ಮಿಂದ ಒಂದು ಖಾತರಿ ಪತ್ರ ತರಿಸಿ ಕಳಿಸಿದ್ದರೆ ಡಿಸ್ಕುಗಳು ಬಿಡುಗಡೆಯಾಗುತ್ತಿದ್ದವೋ ಏನೋ. ಮಲ್ಲಿನಾಥ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ.

"ಏನಂತ ಬರದಾರ್ರಿ ಸರ್?"

"ಮಾಲು ಡುಪ್ಲಿಕೇಟ್ ಅದ ಅಂತ."

"ಏನರ ಮಾಡಾಕ ಬರ್ತದೇನ್ರಿ?"

"ಏನೂ ಬರಂಗಿಲ್ಲ."

ಅಷ್ಟೇ ಮಾತು. ಒಂದು ಪದ ತಪ್ಪಿದೆ ಎಂದು ಎರಡು ಸಲ ಫೇಲಾದ ಹುಡುಗನ ಮುಂದೆ ಹೇಳಲು ನನಗೆ ಆಗಲಿಲ್ಲ. ಹೇಳಿದ್ದರೂ ಅವನು ನಗುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

ಊರಿನಲ್ಲಿ ಸುದ್ದಿ ತಡೆಯುವುದಿಲ್ಲ. ಫಾರಿನ್ನಿನಿಂದ ಡುಪ್ಲಿಕೇಟ್ ಮಾಲು ತರಿಸಿ ಸಿಕ್ಕಿಬಿದ್ದ ಎಂದಾಯಿತು. ಅವನ ಹೆಸರೇ ಡುಪ್ಲಿಕೇಟ್ ಮಲ್ಲ್ಯಾ ಆಯಿತು. ಎಲ್ಲ ತಮಾಷೆಗೇ ಅನ್ನುತ್ತಿದ್ದರು. ಆದರೆ ರಿಪೇರಿಯವನಿಗೆ ಆ ಹೆಸರು ತಮಾಷೆಯಲ್ಲ. "ಈ ಸ್ವಿಚ್ಚರ ಒರಿಜಿನಲ್ ಏನಪಾ?" ಎಂದು ಗಿರಾಕಿಗಳು ಕೇಳತೊಡಗಿದರು. ಅವನು ಪ್ರತಿಯೊಂದು ಪಾರ್ಟನ್ನೂ ಡಬ್ಬಿ ಸಮೇತ ತೋರಿಸಿ, ಅವರ ಕಣ್ಣೆದುರೇ ಸೀಲು ಒಡೆದು ಹಾಕುವ ರೂಢಿ ಮಾಡಿಕೊಂಡ. ಇವತ್ತಿಗೂ ಹಾಗೇ ಮಾಡುತ್ತಾನೆ. ಒಮ್ಮೆ ಚಹಾದ ಅಂಗಡಿಯಲ್ಲಿ ಯಾರೋ ಆ ಹೆಸರು ಹಿಡಿದು ಕರೆದಾಗ ಎಲ್ಲರ ಜೊತೆ ನಾನೂ ನಕ್ಕೆ. ಅವನು ನನ್ನ ಕಡೆ ನೋಡಿ ತಾನೂ ನಕ್ಕ.

ನಿಮಗೆ ಪತ್ರ ಬರೆಯಬೇಕೆಂದು ಅವನು ಬಂದದ್ದು ಆ ದಿನಗಳಲ್ಲೇ. ಅವನು ಹೇಳಿದ್ದು ಇದು, ವಿಲೆಮ್ ಅವರೇ, ಒಂದಕ್ಷರ ಬಿಡದೆ ನೆನಪಿದೆ: "ನಿಮಗೂ ಯಾರೋ ಮೋಸ ಮಾಡ್ಯಾರ ಅನಸ್ತದ್ರಿ. ನೀವೇನೂ ಮನಸಿಗಿ ಹಚ್ಚಗೋಬ್ಯಾಡ್ರಿ. ತಗೊಂಡ ಕಡಿ ಒಮ್ಮಿ ಕೇಳಿ ನೋಡ್ರಿ." ಇದನ್ನು ಹೀಗೇ ಬರೆದರೆ ನೀವು ವಿಚಾರಿಸುತ್ತೀರಿ, ಎಲ್ಲ ಅಸಲಿ ಎಂದು ಕಾಗದ ಕಳಿಸುತ್ತೀರಿ, ಆಗ ಮಲ್ಲಿನಾಥ ಕೇಳುತ್ತಾನೆ — ಹಾಗಾದರೆ ತಪ್ಪಾದದ್ದು ಎಲ್ಲಿ ಎಂದು. ಅದಕ್ಕೇ ನಾನು ಬೇರೆಯದನ್ನು ಬರೆದೆ. ಬಡವನಿಗೂ ಕಿವಿ ಕೇಳದ ಹೆಂಗಸಿಗೂ ಗೊತ್ತಿದ್ದೇ ಮೋಸ ಮಾಡಿದ್ದೀರಿ, ಇನ್ನು ನಮಗೆ ಬರೆಯಬೇಡಿ ಎಂದು. ಮೊದಲನೆಯದು ತಪ್ಪು. ಇದು ತಪ್ಪಲ್ಲ, ಇದು ನಾನು ಯೋಚನೆ ಮಾಡಿ, ಶಬ್ದ ಆರಿಸಿ ಮಾಡಿದ ಕೆಲಸ.

ನಿಮ್ಮ ಉತ್ತರ ಮೂರೇ ಸಾಲು ಬಂತು. ಎರಡು ಕಡೆ 'ಸಾರಿ' ಎಂಬ ಮಾತಿತ್ತು, ಕೊನೆಯಲ್ಲಿ ಕಮಲಾಬಾಯಿಗೆ ಪ್ರೀತಿ ತಿಳಿಸಿರಿ ಎಂದಿತ್ತು. ನೀವು ನಿಮ್ಮನ್ನು ಸಮರ್ಥಿಸಿಕೊಳ್ಳಲೂ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ನಾನೇ ಕಲಿಸಿದ್ದೇನೆ — ತಡವಾಗಿ ಬಂದಾಗ ಹೇಳುವ ಸಾರಿ ಬೇರೆ, ಸತ್ತವರ ಮನೆಗೆ ಹೋದಾಗ ಹೇಳುವ ಸಾರಿ ಬೇರೆ ಎಂದು. ನಿಮ್ಮದು ಎರಡನೆಯದು. ನೊಂದಿದ್ದೀರಿ, ಅಷ್ಟನ್ನೇ ಹೇಳಿದ್ದಿರಿ. ನಾನು ಮಲ್ಲಿನಾಥನ ಮನೆಗೆ ಹೋಗಿ, ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಕೆಮ್ಮುತ್ತ, "ತಪ್ಪಾತು ಅಂತ ಬರದಾರ" ಎಂದೆ.

ಕಮಲಾಬಾಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಏನೂ ಕಾಣದೆ ತಮ್ಮನ ಕಡೆ ತಿರುಗಿದಳು, ಅವನು ಮತ್ತೊಮ್ಮೆ ಹೇಳಿದ. "ಆ ಅಜ್ಜನ ಮಾರಿ ಮೋಸದ ಮಾರಿ ಅಲ್ಲ" ಎಂದಳು ಆಕೆ. ಮಲ್ಲಿನಾಥ ಮಾತ್ರ ಸಮಾಧಾನದ ಉಸಿರು ಬಿಟ್ಟ. "ತಪ್ಪು ಒಪ್ಕೊಂಡ್ರಲ್ರಿ ಸರ್, ದೊಡ್ಡ ಮನಷ್ಯಾರು. ಮುಗೀತು, ಬಿಡ್ರಿ." ಆಮೇಲೆ ಆ ಮನೆಗೆ ಡಿಸ್ಕ್ ಬರಲಿಲ್ಲ. ಇದ್ದವು ಗೀರು ಬಿದ್ದು ಒಂದೊಂದಾಗಿ ನಿಂತವು. ಭಾನುವಾರ ಹೆಂಗಸರು ಬರುವುದೂ ನಿಂತಿತು. ಕಮಲಾಬಾಯಿ ಈಗ ಗೋಡೆಯ ಕಡೆ ಮುಖ ಮಾಡಿ ಕೌದಿ ಹೊಲಿಯುತ್ತಾಳೆ.

ಹೋದ ವಾರ ಮಲ್ಲಿನಾಥ ಮತ್ತೆ ಬಂದ. ಒಂದು ಪತ್ರ ಬೇಕಿತ್ತು, ನಿಮಗೇ.

"ಅವರಿಗಿ ವಯಸ್ಸಾಗಿರ್ತದ್ರಿ ಸರ್. ನಮ್ಮ ಮನಸಿನಾಗ ಏನೂ ಇಲ್ಲ, ಮಾಫ್ ಮಾಡೀವಿ ಅಂತ ಬರೀರಿ. ತಪ್ಪು ಮಾಡ್ದವರಿಗಿ ಅದು ಒಳಗ ಕೊರೀತಿರ್ತದ್ರಿ."

ನಾಳೆ ಬರೆದುಕೊಡುತ್ತೇನೆ ಎಂದು ಕಳಿಸಿದೆ. ಕೂತೆ. ಡಿಯರ್ ಎಂದು ಬರೆದೆ, ಮುಂದಕ್ಕೆ ಹೋಗಲಿಲ್ಲ. ಏನೂ ಮಾಡದ ನಿಮ್ಮನ್ನು ಅವನು ಕ್ಷಮಿಸಿದ್ದಾನೆ. ಆ ಕ್ಷಮೆಯನ್ನು ನಾನು ಇಂಗ್ಲಿಷಿಗೆ ಮಾಡಿ, ಎಲ್ಲಿಯೂ ವ್ಯಾಕರಣ ತಪ್ಪದಂತೆ ಮಾಡಿ ನಿಮಗೆ ಕಳಿಸಬೇಕು — ಅಷ್ಟು ನನ್ನಿಂದ ಆಗಲಿಲ್ಲ. ಆ ಹಾಳೆ ಹರಿದು ಇದನ್ನು ಶುರು ಮಾಡಿದೆ.

ಸಾರಿ ಎಂಬ ಮಾತನ್ನು ನಾನು ಬಳಸುವ ಹಾಗಿಲ್ಲ, ಅದನ್ನು ಕೆಡಿಸಿದವನೇ ನಾನು. ತಪ್ಪಾಯಿತು ಎನ್ನುತ್ತೇನೆ. ಅದು ನೀವು ಹೇಳಿದ ಮಾತಲ್ಲ, ಮೊದಲಿನಿಂದಲೂ ನನ್ನದೇ ಮಾತು. ನೀವು ಮನ್ನಿಸಬೇಕೆಂದು ಕೇಳುವುದಿಲ್ಲ. ಈ ಕಾಗದ ನಿಮಗೆ ತಲುಪಬೇಕೋ ಬೇಡವೋ, ಯಾರಿಂದ ಇಂಗ್ಲಿಷ್ ಮಾಡಿಸಬೇಕು ಎಂಬುದು ಮಲ್ಲಿನಾಥನಿಗೆ ಬಿಟ್ಟದ್ದು. ಫೋನಿನಿಂದ ಮಾಡಿಸಿದರೂ ಸರಿ.

ಇವತ್ತು ಬೆಳಿಗ್ಗೆ ಕ್ಷೌರದ ಅಂಗಡಿಗೆ ಹೋಗಿ ಮೀಸೆ ಬೋಳಿಸಿಕೊಂಡೆ. "ಯಾರ ಜೋಡಿ ಪಂಥ ಸೋತ್ರಿ ಮಾಸ್ತರ್ರ?" ಎಂದು ಕ್ಷೌರದವನು ನಕ್ಕ. ಕನ್ನಡಿಯಲ್ಲಿ ನನ್ನ ಮೇಲ್ದುಟಿಯನ್ನು ನೋಡಿ ಎಷ್ಟೋ ವರ್ಷವಾಗಿತ್ತು. ತೆಳ್ಳಗಿದೆ.

ಮಧ್ಯಾಹ್ನ ಊಟಕ್ಕೆ ಮಲ್ಲಿನಾಥ ಮನೆಗೆ ಬರುತ್ತಾನೆ, ಅಕ್ಕ ತಮ್ಮ ಇಬ್ಬರೂ ಇರುತ್ತಾರೆ. ಹೋಗಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕಮಲಾಬಾಯಿಯ ಎದುರಿಗೆ ಕೂತು, ಇದನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದುತ್ತೇನೆ. ಕರ್ಚೀಫನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದೇನೆ. ಆಕೆಗೆ ಒಂದೊಂದು ಮಾತೂ ಕಾಣಬೇಕು.