ಕೈಗುಣ ಎಂಬ ಹೆಸರು

ನೆಂಟರಿಷ್ಟರಲ್ಲಿ ನನಗಿದ್ದ ಹೆಸರು ಒಂದೇ: ಊಟ ಮಾಡದ ಮಕ್ಕಳಿಗೆ ಊಟ ಮಾಡಿಸುವವಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹಾಡು ಬಾರದು, ಕಸೂತಿ ಬಾರದು. ಆದರೆ ಮದುವೆಮನೆಯಲ್ಲಿ ಯಾರದಾದರೂ ಕೂಸು ಹಟ ಹಿಡಿದರೆ ತಟ್ಟೆಯನ್ನು ತಂದು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಅವಳ ಕೈಗುಣ ಹಾಗೆ, ಅನ್ನುತ್ತಿದ್ದರು. ಹಾಗೇನಿಲ್ಲ ಎಂದು ನಾನು ಒಮ್ಮೆಯೂ ಹೇಳಿದವಳಲ್ಲ.

ಯಜಮಾನರ ವರ್ಷದ ತಿಥಿ ಮುಗಿದ ಮೇಲೆ ಅಮೆರಿಕದಲ್ಲಿರುವ ಮಗಳು ಟಿಕೆಟ್ ಕಳಿಸಿದಳು. ಅವಳ ಮಗಳಿಗೆ ಆರು ತಿಂಗಳು ತುಂಬಿತ್ತು. ಹಾಲು ಬಿಟ್ಟು ಬೇರೇನನ್ನೂ ಬಾಯಿಗೆ ಸೇರಿಸುತ್ತಿರಲಿಲ್ಲ. ನೀನು ಬಂದರೆ ಸರಿಹೋಗುತ್ತೆ ಎಂದು ಫೋನಿನಲ್ಲಿ ಹೇಳಿದಳು. ಮೈಸೂರಿನ ಮನೆಯಲ್ಲಿ ನನ್ನನ್ನು ಒಬ್ಬಳೇ ಬಿಡಲು ಅವಳಿಗೆ ಮನಸ್ಸಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಕೆಲಸಕ್ಕಾಗಿಯೇ ಹೋಗುತ್ತಿದ್ದೇನೆ ಎಂದುಕೊಂಡರೆ ಹೊರಡುವುದು ಸುಲಭವಾಗಿ ಕಂಡಿತು. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿಸಿದೆ. ಮಗುವಿನ ಸರಿಗೆ ಹಿಟ್ಟನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಅಷ್ಟು ಸವೆದು ಮೆತ್ತಗಾದ ಬಟ್ಟೆ ಮನೆಯಲ್ಲಿ ಇದ್ದದ್ದು ಅವರ ಪಂಚೆಯೊಂದೇ. ಅದಕ್ಕೇ ಕತ್ತರಿ ಹಾಕಿದೆ. ಮಗುವಿಗಾಗಿ ತಾನೇ ಅಂದುಕೊಂಡೆ.

ಟೆಕ್ಸಾಸ್‌ನ ಮೆಕಿನ್ನಿಯಲ್ಲಿದ್ದ ಮಗಳ ಮನೆಗೆ ಹೋದ ಮರುದಿನವೇ ರಾಗಿ ಸರಿ ಕಾಯಿಸಿ, ಒಂದು ತೊಟ್ಟು ತುಪ್ಪ ಬಿಟ್ಟು, ಆರಿಸಿ, ಮಗುವಿನ ಎತ್ತರದ ಕುರ್ಚಿಯ ಮುಂದೆ ಕೂತೆ. ಮಗಳೂ ಅಳಿಯನೂ ನೋಡುತ್ತ ನಿಂತಿದ್ದರು. ಮಗು ನನ್ನ ಮುಖ ನೋಡಿ ನಕ್ಕಿತು. ಚಮಚ ಹತ್ತಿರ ಬಂದದ್ದೇ ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಬಾಯಿ ಎಂಬುದೇ ಇಲ್ಲದ ಹಾಗೆ ಮಾಡಿಕೊಂಡಿತು. ಹಾಗೂ ಹೀಗೂ ಒಳಗೆ ಹೋದ ಒಂದಿಷ್ಟನ್ನು ನಾಲಿಗೆಯಿಂದ ನಿಧಾನವಾಗಿ ಹೊರಕ್ಕೆ ತಳ್ಳಿತು. ಗದ್ದದ ಮೇಲೆ ಇಳಿದದ್ದನ್ನು ನಾನು ಚಮಚದಿಂದ ಬಳಿದು ಮತ್ತೆ ಕೊಟ್ಟೆ. ಮತ್ತೆ ತಳ್ಳಿತು.

"ಹೊಸ ಕೈ ಅಲ್ವಾ ಅತ್ತೆ, ಅಭ್ಯಾಸ ಆಗ್ಲಿ ಬಿಡಿ," ಎಂದ ಅಳಿಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ಹೊಸ ಕೈ ಎಂಬ ಮಾತು ನನಗೆ ಚುಚ್ಚಿತು.

ಆಮೇಲೆ ಮಾಡದ ಪ್ರಯತ್ನವಿಲ್ಲ. ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯಿಂದ ಏಲಕ್ಕಿ ಬಾಳೆಹಣ್ಣು ತರಿಸಿ ಕಿವುಚಿದೆ. ಹೆಸರುಬೇಳೆ ಕಟ್ಟು, ಬೇಯಿಸಿದ ಸೇಬು, ಅನ್ನದ ಗಂಜಿ. ಹಿತ್ತಲಿಗೆ ಎತ್ತಿಕೊಂಡು ಹೋಗಿ ಅಳಿಲು ತೋರಿಸಿದೆ. ಅಳಿಲನ್ನು ನೋಡುತ್ತ ಮಗು ಬಾಯಿ ತೆರೆಯುತ್ತಿತ್ತು. ಚಮಚ ಕಂಡರೆ ಮುಚ್ಚುತ್ತಿತ್ತು.

ಸಂಜೆ ಮನೆಯ ಹತ್ತಿರದ ಕೆರೆಯ ಸುತ್ತ ನಡೆಯುವಾಗ ಧಾರವಾಡದ ಕಡೆಯ ಒಬ್ಬರು ಸಿಗುತ್ತಿದ್ದರು. ಅವರೂ ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು. ನನ್ನ ಕಷ್ಟ ಕೇಳಿ ಅವರಿಗೆ ನಗು. "ನಮ್ಮಾಂವ ಮಣ್ಣ ಸಹಿತ ಬಿಡಂಗಿಲ್ರಿ, ಚಪ್ಪಲಿ ಬಾರ್ ಚೀಪ್ತಾನ. ಅದರಾಗ ಅರ್ಧಾ ಹಸಿವು ನಿಮ್ಮಾಕಿಗೆ ಕೊಟ್ಟಿದ್ರ ನನ್ನ ಕೆಲಸಾನೂ ಹಗುರ ಆಗ್ತಿತ್ತು ನೋಡ್ರಿ," ಎಂದರು. ಹಸಿದಾಗ ತಾನೇ ತಿನ್ನುತ್ತದೆ, ಬೆನ್ನು ಹತ್ತಬೇಡಿ ಎಂದೂ ಹೇಳಿದರು. ನಾನು ನಕ್ಕೆ. ಇವರಿಗೇನು ಗೊತ್ತು ನನ್ನ ಕೈಯ ವಿಷಯ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ.

ಒಂದು ಮಧ್ಯಾಹ್ನ ಮಗಳು ಮಹಡಿಯ ಮೇಲೆ ಆಫೀಸಿನ ಕೆಲಸದಲ್ಲಿದ್ದಳು. ಮಗು ಎಂದಿನಂತೆ ಒಂದು ಚಮಚವನ್ನೂ ಮುಟ್ಟದೆ ನಿದ್ದೆ ಹೋಯಿತು. ಬಟ್ಟಲಿನ ತುಂಬ ಸರಿ ಉಳಿದಿತ್ತು. ಸಿಂಕಿಗೆ ಸುರಿಯಲು ಕೈ ಬರಲಿಲ್ಲ, ನಿಂತಲ್ಲೇ ತಿಂದುಬಿಟ್ಟೆ. ಅದನ್ನು ಮೋಸವೆಂದು ಮಾಡಿದ್ದಲ್ಲ. ಕೆಳಗೆ ಬಂದ ಮಗಳು ಖಾಲಿ ಬಟ್ಟಲು ನೋಡಿ, ಎಲ್ಲಾ ತಿಂದಳಾ ಎಂದು ಕೇಳಿದಳು. ಅವಳ ಮುಖ ಅರಳಿದ್ದನ್ನು ಕಂಡು ನನ್ನ ಬಾಯಿಂದ "ಹೂಂ" ಎಂದು ಬಂತು. ಅವಳು ಬಟ್ಟಲಿನ ಫೋಟೋ ತೆಗೆದು ನೆಂಟರ ಗ್ರೂಪಿಗೆ ಹಾಕಿದಳು. ಅಮ್ಮನ ಕೈಗುಣ ಟೆಕ್ಸಾಸ್‌ನಲ್ಲೂ ನಡೆಯುತ್ತೆ ಎಂದು ಬರೆದಿದ್ದಳಂತೆ. ಮೈಸೂರಿನಿಂದ ನನ್ನ ಓರಗಿತ್ತಿಯೂ ಕೈ ಮುಗಿಯುವ ಗೊಂಬೆ ಕಳಿಸಿದಳು.

ಮಾರನೆಯ ದಿನವೂ ನಾನೇ ತಿಂದೆ. ಅದರ ಮಾರನೆಯ ದಿನವೂ. ಉಪ್ಪಿಲ್ಲದ ಆ ಸರಿಯನ್ನು ಸಿಂಕಿನ ಪಕ್ಕ ನಿಂತು, ಮೆಟ್ಟಿಲ ಕಡೆ ಕಿವಿಯಿಟ್ಟು ಬಾಚಿ ಬಾಚಿ ತಿನ್ನುತ್ತಿದ್ದೆ. ಅರವತ್ತು ದಾಟಿದ ಹೆಂಗಸು, ಕೂಸಿನ ಊಟ ಕದ್ದು ತಿನ್ನುವುದು. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಮಗುವಿನ ತೂಕ ನೋಡಿಸುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರು ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದರು, ಏರಬೇಕಾದದ್ದು ಮಲಗಿತ್ತು. ಏನು ತಿನ್ನುತ್ತಾಳೆ ಎಂದು ಕೇಳಿದರು. ದಿನಾ ಒಂದು ಬಟ್ಟಲು ಎಂದು ಮಗಳು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರ ಹುಬ್ಬು ಗಂಟಾಯಿತು. ಅಷ್ಟು ತಿಂದೂ ಮೈಗೆ ಹತ್ತುತ್ತಿಲ್ಲವೆಂದರೆ ರಕ್ತ ಪರೀಕ್ಷೆ ಮಾಡಿಸೋಣ, ಮುಂದಿನ ವಾರ ಬನ್ನಿ ಎಂದರು. ನನ್ನ ಇಂಗ್ಲಿಷಿಗೂ ಅಷ್ಟು ಅರ್ಥವಾಯಿತು.

ಹಿಂದಿರುಗುವಾಗ ಮಗಳು ಡ್ರೈವ್ ಮಾಡುತ್ತ ಮಧ್ಯೆ ಮಧ್ಯೆ ಕಣ್ಣೊರೆಸಿಕೊಂಡಳು. ನಾನು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತಿದ್ದೆ. ಆಗಲೇ ಹೇಳಬಹುದಿತ್ತು. ಗಾಡಿ ಓಡಿಸುವಾಗ ಬೇಡ, ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಮನೆಗೆ ಹೋದ ಮೇಲೆ, ಆಸ್ಟಿನ್‌ಗೆ ಕೆಲಸದ ಮೇಲೆ ಹೋಗಿದ್ದ ಅಳಿಯ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ದಾರಿ ಹೊಳೆಯಿತು. ಮಗು ನಿಜವಾಗಿಯೂ ತಿಂದರೆ ನಾನು ಹೇಳಿದ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲವಲ್ಲ.

ಊರಿನಿಂದ ಒಳಲೆ ತಂದಿದ್ದೆ. ಕೊಕ್ಕಿನಂತೆ ಮೂತಿಯಿರುವ ಪುಟ್ಟ ಬೆಳ್ಳಿ ಬಟ್ಟಲು ಅದು. ನಮ್ಮ ಕಾಲದಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲಿನ ಮೇಲೆ ಅಂಗಾತ ಮಲಗಿಸಿಕೊಂಡು, ಕೆನ್ನೆ ಒತ್ತಿ ಹಿಡಿದು ಒಳಲೆಯಿಂದ ಹುಯ್ಯುತ್ತಿದ್ದೆವು. ಅತ್ತರೆ ಬಾಯಿ ತೆರೆಯುತ್ತದೆ, ತೆರೆದರೆ ಒಳಗೆ ಹೋಗುತ್ತದೆ. ನನ್ನ ಮಗಳನ್ನೂ ನಾನು ಬೆಳೆಸಿದ್ದು ಹಾಗೆಯೇ. ಮದುವೆಮನೆಗಳಲ್ಲಿ ಬಂದ ಹೆಸರಿಗೂ ಮೂಲ ಅದೇ ಇರಬೇಕು. ಗದ್ದ ಎಲ್ಲಿ ಹಿಡಿಯಬೇಕೆಂದು ನನಗೆ ಗೊತ್ತಿತ್ತು.

ಸರಿಯನ್ನು ನೀರಾಗಿ ಮಾಡಿಕೊಂಡು ನೆಲದ ಮೇಲೆ ಕೂತೆ. ಕಾಲ ಮೇಲೆ ಮಲಗಿಸಿದಾಗ ಆಟವೆಂದು ಮಗು ಕೈಕಾಲು ಬಡಿದು ನಕ್ಕಿತು. ಕೆನ್ನೆ ಹಿಡಿದೆ. ಮೊದಲ ಗುಟುಕು ಹೋಯಿತು. ಎರಡನೆಯದಕ್ಕೆ ತಲೆಯನ್ನು ಪಕ್ಕಕ್ಕೆ ಹೊರಳಿಸಿತು, ನಾನು ನೇರ ಮಾಡಿ ಹಿಡಿದು ಹುಯ್ದೆ. ಆಗ ಅದರ ಉಸಿರು ಸಿಕ್ಕಿಕೊಂಡಿತು. ಮುಖ ಕೆಂಪಾಯಿತು, ಅಳು ಹೊರಗೆ ಬರಲೇ ಇಲ್ಲ. ಮಗುಚಿ ಬೆನ್ನು ತಟ್ಟಿದೆ. ಮೂಗಿನಲ್ಲಿ ಬಾಯಲ್ಲಿ ಸರಿ ಬಂದು, ಕೆಮ್ಮಿ, ಆಮೇಲೆ ಚೀರಿತು. ಮಗಳು ಮೆಟ್ಟಿಲಿಳಿದು ಬಂದಾಗ ಒಳಲೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಮಗುವನ್ನು ಎತ್ತಿಕೊಂಡು ಅದರ ಉಸಿರು ಕೇಳುತ್ತ ಬಹಳ ಹೊತ್ತು ಅತ್ತಿಂದಿತ್ತ ಓಡಾಡಿದಳು. ಮಗು ಸಮಾಧಾನವಾಗಿ ಅವಳ ಕತ್ತಿನ ಸರ ಹಿಡಿದು ಆಡತೊಡಗಿತು. ಆಗ ಅವಳು ನನ್ನ ಕಡೆ ನೋಡದೆ ಹೇಳಿದಳು: "ಅಪ್ಪನಿಗೂ ಹಿಂಗೇ ತುರುಕ್ತಿದ್ದೆ ನೀನು."

ನಾನು ಸೆರಗಿನಿಂದ ನೆಲ ಒರೆಸುತ್ತಿದ್ದೆ.

"ಅವಳಿಗೆ ಸಾಕು ಅಂತ ಹೇಳು ಮಗಳೇ, ನಾನ್ ಹೇಳಿದ್ರೆ ನೊಂದ್ಕೋತಾಳೆ, ಅಂತ ಅಪ್ಪ ನನ್ ಹತ್ರ ಹೇಳಿದ್ರು. ನಾನೂ ಹೇಳ್ಲಿಲ್ಲ. ಆಗ ನಂಗೇ ಬಸುರಿ ವಾಂತಿ. ಊಟ ಕಂಡ್ರೆ ಹೊಟ್ಟೆ ತೊಳ್ಸೋದು ಅಂದ್ರೆ ಏನು ಅಂತ ಮನೇಲಿ ನಂಗೊಬ್ಳಿಗೇ ಗೊತ್ತಿತ್ತು. ಆದ್ರೂ ಹೇಳ್ಲಿಲ್ಲ."

ಯಜಮಾನರ ಕೊನೆಯ ವಾರಗಳಲ್ಲಿ ಮಗಳೂ ಮೈಸೂರಿಗೆ ಬಂದಿದ್ದಳು. ಗಂಜಿಯ ಲೋಟ ಹಿಡಿದು ನಾನು ಹಾಸಿಗೆಯ ಪಕ್ಕ ಕೂತಿರುತ್ತಿದ್ದೆ. ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಇದೊಂದು ಗುಟುಕು, ನನಗೋಸ್ಕರ, ಎನ್ನುತ್ತಿದ್ದೆ. ಅವರು ತಿರುಗಿ ಬಾಯಿ ತೆರೆಯುತ್ತಿದ್ದರು. ನೋಡಲು ಬಂದವರು, ನಿಮ್ಮ ಕೈಲಿ ಆದ್ರೆ ತಿಂತಾರಲ್ಲ ಎಂದರೆ ನನಗೆ ಆ ದುಃಖದಲ್ಲೂ ಒಂದು ಬಗೆಯ ಸಂತೋಷವಾಗುತ್ತಿತ್ತು. ಆಮೇಲೆ ಅವರು ಬೇಸಿನ್ನಿಗೆ ಎಲ್ಲವನ್ನೂ ಕಾರಿಕೊಳ್ಳುವಾಗ ನಾನು ಕಾಯಿಲೆಯನ್ನು ಬಯ್ಯುತ್ತಿದ್ದೆ. ನಲವತ್ತು ವರ್ಷ ಜೊತೆಗಿದ್ದ ಮನುಷ್ಯನಿಗೆ ನನ್ನೆದುರು ಸಾಕು ಎಂಬ ಒಂದು ಮಾತು ಹೇಳುವ ಧೈರ್ಯ ಬರಲಿಲ್ಲ.

ನೆಲ ಒರೆಸಿ ಎದ್ದು, ಬಟ್ಟಲಿನ ವಿಷಯ ಹೇಳಿದೆ. ಮಗು ಒಂದು ದಿನವೂ ತಿಂದಿಲ್ಲ, ಎಲ್ಲವನ್ನೂ ನಾನೇ ತಿಂದೆ, ರಕ್ತ ಪರೀಕ್ಷೆಗೆ ಹೋಗಬೇಡ ಎಂದೆ.

ಅವಳು ಅರ್ಥವಾಗದವಳಂತೆ ನೋಡಿದಳು. "ನೀನ್ ತಿಂದ್ಯಾ? ಸರೀನ? ದಿನಾ?"

"ದಿನಾ."

"ಉಪ್ಪೂ ಇಲ್ದೆ?" ಎಂದಳು. ನಗು ಬಂದೇ ಬಿಟ್ಟಿತು ಅವಳಿಗೆ. ನಗುತ್ತಲೇ ಅತ್ತಳು. ನನಗೆ ಎರಡೂ ಆಗಲಿಲ್ಲ. ಅವಳು ಬಯ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ನಡೆದದ್ದರಲ್ಲಿ ದೊಡ್ಡದೇನೂ ಇಲ್ಲ. ಡಾಕ್ಟರಿಗೆ ನಿಜ ಹೇಳಿ ಪರೀಕ್ಷೆ ರದ್ದು ಮಾಡಿಸಿದಳು. ಅಳಿಯ ಬಂದ ಮೇಲೆ ಅವನಿಗೂ ಹೇಳಿರಬೇಕು. ಅವನು ನನ್ನ ಮುಂದೆ ಆ ಮಾತೇ ಎತ್ತಲಿಲ್ಲ, ಎಂದಿಗಿಂತ ಹೆಚ್ಚು ಸಲ ಕಾಫಿ ಬೇಕಾ ಅತ್ತೆ ಎಂದು ಕೇಳುತ್ತಿದ್ದ. ಕೆಲವು ವಾರ ಮಗುವಿನ ಊಟದ ಹೊತ್ತಿಗೆ ಮಗಳೇ ಕೆಳಗೆ ಬರುತ್ತಿದ್ದಳು. ಕುರ್ಚಿಯ ಮುಂದಿನ ಹಲಗೆಯ ಮೇಲೆ ಬೇಯಿಸಿದ ಕ್ಯಾರೆಟ್ಟನ್ನೋ ಸರಿಯನ್ನೋ ಇಟ್ಟು ಸುಮ್ಮನೆ ಕೂರುತ್ತಿದ್ದಳು. ಮಗು ಅದನ್ನು ಹಿಸುಕಿ ತಲೆಗೂದಲಿಗೆ ಸವರಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಬೆರಳು ಚೀಪುತ್ತಿತ್ತು. ನಾನು ದೂರದಲ್ಲಿ ಬಟ್ಟೆ ಮಡಿಸುತ್ತ ನೋಡುತ್ತಿದ್ದೆ. ನನ್ನನ್ನು ಯಾರೂ ಬೇಡವೆಂದಿರಲಿಲ್ಲ. ಕರೆಯುತ್ತಲೂ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದ ತನ್ನ ಆಫೀಸಿಗೆ ಹೋಗಲೇಬೇಕಾಯಿತು. ಹೊರಡುವಾಗ ಸರಿಯ ಬಟ್ಟಲನ್ನು ಅಡುಗೆಕಟ್ಟೆಯ ಮೇಲಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಕಾರಿನ ಕೀ ತೆಗೆದುಕೊಂಡು ಹೋದಳು. ಅದು ನಂಬಿಕೆಯೋ, ಬೇರೆ ದಾರಿಯಿಲ್ಲದೆಯೋ, ನನಗೆ ತಿಳಿಯಲಿಲ್ಲ.

ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಹಲಗೆಯ ಮೇಲೆ ಒಂದಿಷ್ಟು ಸರಿ ಹಾಕಿ ಎದುರು ಕೂತೆ. ನನ್ನ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹಿಡಿದುಕೊಂಡಿದ್ದೆ. ಮಗು ಅಂಗೈಯಿಂದ ಬಡಿದು ಸಿಡಿಸಿತು. ಬೆರಳು ಬಾಯಿಗಿಟ್ಟುಕೊಂಡಿತು. ಮುಖ ಹುಳ್ಳಗೆ ಮಾಡಿ ಮತ್ತೊಮ್ಮೆ ಇಟ್ಟುಕೊಂಡಿತು. ನಾನು ಎದ್ದು ಚಮಚ ತಂದೆ, ತಡೆಯಲಾಗಲಿಲ್ಲ. ತುಟಿಯ ಹತ್ತಿರ ಹಿಡಿದೆ. ಅದು ಕಿಟಕಿಯ ಕಡೆಗೆ ಮುಖ ತಿರುಗಿಸಿತು.

ಇನ್ನೊಂದು ಸಲ ನೋಡಬಹುದಿತ್ತು. ಕೈ ಅಲ್ಲಿಯೇ ನಿಂತಿತ್ತು. ಸಾಕಾ ಎಂದು ಕೇಳಿದೆ. ಅದಕ್ಕೇನು ಗೊತ್ತು ಉತ್ತರ ಕೊಡಲು. ಚಮಚವನ್ನು ಬಟ್ಟಲಿಗೆ ಹಾಕಿ, ಅದರ ಕೈ ಬಾಯಿ ತೊಳೆದು ಕೆಳಗಿಳಿಸಿದೆ.

ಮಧ್ಯಾಹ್ನ ಮಗಳು ಫೋನ್ ಮಾಡಿ, ನಿದ್ದೆ ಮಾಡಿದಳಾ, ನೀನು ಊಟ ಮಾಡಿದೆಯಾ ಎಂದೆಲ್ಲ ವಿಚಾರಿಸಿದಳು. ಕೇಳಬೇಕಾದದ್ದನ್ನು ಮಾತ್ರ ಕೇಳಲಿಲ್ಲ. ನಾನೇ ಹೇಳಿದೆ: "ಎರಡು ಸಲ ಬೆರಳು ಚೀಪಿದ್ಲು. ಚಮಚ ಹಿಡಿದೆ, ಬೇಡ ಅಂದ್ಲು. ಎತ್ತಿಟ್ಟೆ. ಮಿಕ್ಕಿದ್ದೆಲ್ಲ ಬಟ್ಟಲಲ್ಲೇ ಇದೆ, ಬಂದು ನೋಡು."

"ನೋಡ್ಬೇಕಾಗಿಲ್ಲಮ್ಮ," ಎಂದಳು.

ಆದರೂ ನಾನು ತೊಳೆಯಲಿಲ್ಲ. ಸಂಜೆ ಅವಳ ಕಾರು ಬರುವವರೆಗೂ ಬಟ್ಟಲನ್ನು ಕಟ್ಟೆಯ ಮೇಲೆ, ಬಾಗಿಲಿಂದಲೇ ಕಾಣುವ ಹಾಗೆ, ಇಟ್ಟಿದ್ದೆ.